ರಾತ್ರಿಯಿಡೀ ಓದಿದ್ದು ವಾರದಲ್ಲಿ ಏಕೆ ಮರೆಯುತ್ತದೆ?

ತಮ್ಮಾ, ರಾತ್ರಿಯಿಡೀ ಓದಿದ್ದು ವಾರದೊಳಗೆ ಮರೆತುಹೋಗುತ್ತದೆ, ಮಿದುಳಿನಲ್ಲಿ ಏನೂ ಉಳಿಯುವುದಿಲ್ಲವೇ ಎಂದು ಕೇಳಿದ್ದೀಯ. ಉಳಿಯುತ್ತದೆ, ಆದರೆ ಎರಡು ಹಂತಗಳಲ್ಲಿ.

ಒಂದು ನರಕೋಶ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುತ್ತದೆ. ಎದುರಿನ ಕೋಶದಲ್ಲಿರುವ ಎನ್‌ಎಂಡಿಎ ಎಂಬ ತೂಬಿಗೆ ಮೆಗ್ನೀಸಿಯಂ ಬಿರಡೆಯಂತೆ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದರಷ್ಟೇ ಸಾಲದು, ಆ ಕೋಶವೂ ಅದೇ ಹೊತ್ತಿಗೆ ಚುರುಕಾಗಿರಬೇಕು. ಆಗಲೇ ಬಿರಡೆ ಸರಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗ್ಲುಟಮೇಟ್ ಹಿಡಿಯುವ ಆಂಪಾ ಗ್ರಾಹಕಗಳು ಹೆಚ್ಚುತ್ತವೆ, ಎರಡು ಕೋಶಗಳ ನಡುವಿನ ಬೆಸುಗೆ ಬಲಗೊಳ್ಳುತ್ತದೆ. ಆದರೆ ಇದು ಕೆಲವು ಗಂಟೆಗಳ ಬಲ ಮಾತ್ರ. ಮುಂದೆಯೂ ನಿಲ್ಲಬೇಕಾದರೆ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟಬೇಕು. ಕ್ರೆಬ್ ಎಂಬ ಪ್ರೋಟೀನ್ ಜೀನ್‌ಗಳನ್ನು ಎಬ್ಬಿಸಿ ಹೊಸ ಪ್ರೋಟೀನುಗಳನ್ನು ತಯಾರಿಸಬೇಕು. 2000ದಲ್ಲಿ ನೊಬೆಲ್ ಪಡೆದ ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಈ ಎರಡು ಹಂತಗಳನ್ನು ಕಡಲ ಜೀವಿ ಏಪ್ಲೀಸಿಯಾದಲ್ಲಿ ಕಂಡರು: ಅದಕ್ಕೆ ಕೊಟ್ಟ ಒಂದೇ ಪೆಟ್ಟಿನ ನೆನಪು ನಿಮಿಷಗಳದ್ದು, ಬಿಡುವು ಕೊಟ್ಟು ದಿನಗಟ್ಟಲೆ ಕಲಿಸಿದ್ದು ವಾರಗಟ್ಟಲೆ ಉಳಿಯಿತು. ಎಷ್ಟು ಸೊಗಸಾದ ವ್ಯವಸ್ಥೆ!

ನಾನು ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಹಾಳೆಯ ಮೂಲೆಯಲ್ಲಿ ದಿನಾಂಕ ಹಾಕಿ, ಹೃದಯದ ಚಿತ್ರವನ್ನು ಸೋಮವಾರ, ಗುರುವಾರ, ಮತ್ತೆ ಮುಂದಿನ ವಾರ ನೋಡದೆ ಬರೆಯುತ್ತಿದ್ದಳು. ಪರೀಕ್ಷೆಯ ಹೊತ್ತಿಗೂ ಒಂದು ಬಾಣ ತಪ್ಪಲಿಲ್ಲ. ನೀನೂ ಹಾಗೆ ಮಾಡು, ನಿದ್ದೆಗೆಡಬೇಡ. ನೆನಪು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ.