ಓದುಗರ ಪ್ರಶ್ನೆ: ನಗಬೇಕಾದದ್ದು ಮತದಾರನನ್ನೇ?

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಮತದಾರನನ್ನು ಉಚಿತ ಕೊಡುಗೆಗಾಗಿ ಕೈಚಾಚಿ ನಿಂತ ಮರುಳನಂತೆ ತೋರಿಸುವ ವ್ಯಂಗ್ಯಚಿತ್ರಗಳನ್ನೂ ಪ್ರಹಸನಗಳನ್ನೂ ಕಂಡು ನಗುತ್ತೇವೆ. ನಕ್ಕ ಮೇಲೆ ಅಳುಕಾಗುತ್ತದೆ. ಜನಪ್ರಿಯ ಘೋಷಣೆಗಳಿಗೆ ಇಷ್ಟು ಬೇಗ ಒಲಿಯುವವರನ್ನು ನಂಬಿ ಪ್ರಜಾಪ್ರಭುತ್ವ ನಡೆಸಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಆ ಚಿತ್ರಗಳ ಮತದಾರ ಕೊಟ್ಟವನಿಗೇ ಮತ ಹಾಕುತ್ತಾನೆ. ಆದರೆ 2006ರಲ್ಲಿ ಬಣ್ಣದ ಟಿವಿಯ ಭರವಸೆಯೊಂದಿಗೆ ತಮಿಳುನಾಡಿನಲ್ಲಿ ಅಧಿಕಾರಕ್ಕೆ ಬಂದ ಡಿಎಂಕೆ, ಟಿವಿಗಳನ್ನು ಹಂಚಿದ ಬಳಿಕವೂ 2011ರಲ್ಲಿ ಸೋತಿತು. (ಆಗ ಗೆದ್ದವರು ಮಿಕ್ಸಿ, ಗ್ರೈಂಡರ್, ಫ್ಯಾನುಗಳ ಭರವಸೆ ಕೊಟ್ಟಿದ್ದರು, ಆದ್ದರಿಂದ ಮತದಾರನನ್ನು ವಿರಾಗಿಯೆಂದು ನಾನು ಹೊಗಳಲಾರೆ.)

ಕೇರಳದ ಉತ್ತರ ಗಡಿಯಲ್ಲಿರುವ, ಕನ್ನಡಿಗರ ನೆಲೆಯಾದ ನಮ್ಮ ಮಂಜೇಶ್ವರವನ್ನೇ ನೋಡಿ. 1957ರಲ್ಲಿ ಎಂ. ಉಮೇಶ ರಾವ್ ಅವರನ್ನು ಅವಿರೋಧವಾಗಿಯೂ, 1960 ಮತ್ತು 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಮತದಿಂದಲೂ ಆರಿಸಿ ಕಳುಹಿಸಿದ ಈ ಕ್ಷೇತ್ರ, ಕರ್ನಾಟಕದೊಂದಿಗೆ ವಿಲೀನವಾಗಬೇಕೆಂಬ ಹಂಬಲವನ್ನು ಪಕ್ಷಗಳ ಹಂಗಿಲ್ಲದೆ ಸ್ವತಂತ್ರ ಸದಸ್ಯರ ಮೂಲಕವೇ ತಿರುವನಂತಪುರಕ್ಕೆ ಮುಟ್ಟಿಸಿತು. ಗೇಣಿ ಭೂಮಿಯನ್ನು ಒಕ್ಕಲುಗಳಿಗೆ ಕೊಡಿಸುವ ಕೇರಳದ ಭೂಸುಧಾರಣಾ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂತು. ಅದೇ ವರ್ಷದ ಚುನಾವಣೆಯಲ್ಲಿ ಮಂಜೇಶ್ವರದವರು, ಅದನ್ನು ಜಾರಿಗೆ ತಂದ ಸರಕಾರದ ನೇತೃತ್ವ ವಹಿಸಿದ್ದ ಸಿಪಿಐಯ ಎಂ. ರಾಮಪ್ಪ ಅವರನ್ನು ಗೆಲ್ಲಿಸಿದರು. ಇದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಧಣಿಯ ಕಣ್ಣಿಗೆ ಅಗ್ಗದ ಘೋಷಣೆಯಾಗಿ ಕಂಡದ್ದು ಒಕ್ಕಲಿನವನಿಗೆ ಬದುಕಿನ ಪ್ರಶ್ನೆಯಾಗಿದ್ದಿರಬಹುದು. ಭಾಷೆಯ ಮೇಲಿನ ಪ್ರೀತಿ ಅವನಲ್ಲಿ ಬತ್ತಿತ್ತೆಂದು ಅದರಿಂದ ಹೇಳಲಾಗದು.

ಹಾಗೆಂದು ಎಲ್ಲವನ್ನೂ ಮತಪೆಟ್ಟಿಗೆಗೆ ಒಪ್ಪಿಸಬಹುದೆಂದಲ್ಲ. ಕೇರಳದಲ್ಲಿ ಕನ್ನಡಿಗರು ಎಂದಿಗೂ ಬಹುಸಂಖ್ಯಾತರಾಗಲಾರರು. ನಮ್ಮ ಮಕ್ಕಳ ಕನ್ನಡ ತರಗತಿಯನ್ನು ಉಳಿಸಬೇಕೇ ಎಂದು ರಾಜ್ಯದ ಮತದಾರರನ್ನು ಕೇಳಿದರೆ ಅವರ ಒಳ್ಳೆಯತನವೊಂದೇ ನಮಗೆ ಗತಿಯಾಗುತ್ತದೆ. ಭಾಷಾವಾರು ಪ್ರಾಂತಗಳು ರೂಪುಗೊಂಡ 1956ರಲ್ಲೇ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಯತ್ನಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿತು. ಆಳುವವರನ್ನು ಮನೆಗೆ ಕಳುಹಿಸುವ ವಿಷಯದಲ್ಲಿ ನಾನು ಮತದಾರನನ್ನು ನಂಬುತ್ತೇನೆ. ನೆರೆಯವನ ಹಕ್ಕನ್ನು ಎಣಿಕೆಗೆ ಹಾಕುವ ವಿಷಯದಲ್ಲಿ ಅವನನ್ನಾಗಲಿ, ನನ್ನನ್ನಾಗಲಿ ನಂಬಬಾರದು.

ಪ್ರಶ್ನೆ: ಹಾಗಾದರೆ ರಾಜಕೀಯ ವಿಡಂಬನೆ ಯಾರನ್ನು ಗುರಿಯಾಗಿಸಬೇಕು?
– ಇನ್ನೊಬ್ಬರು, ಕುಂಬಳೆ

ಉತ್ತರ: ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಿನವರಾದ ತಮಗೆ ಯಕ್ಷಗಾನದ ಹಾಸ್ಯಗಾರನನ್ನು ಪರಿಚಯಿಸಬೇಕಿಲ್ಲ. ದೂತನಾಗಿ ಬಂದು ಒಡ್ಡೋಲಗದಲ್ಲಿರುವ ದೊರೆಯ ಜಂಬವನ್ನು ಅವನೆದುರೇ ಕೆಣಕುವ ಆತ, ಚಾಪೆಯ ಮೇಲೆ ಕುಳಿತ ಪ್ರೇಕ್ಷಕರನ್ನು ದಡ್ಡರೆನ್ನುವುದಿಲ್ಲ. ಮತದಾರನನ್ನು ಹೀಯಾಳಿಸುವ ವಿಡಂಬನೆಯಿಂದ ಲಾಭವಾಗುವುದು ಜನಪ್ರಿಯ ಭಾಷಣಕಾರನಿಗೇ. ಅಂಥದೊಂದು ಚಿತ್ರ ಅಚ್ಚಾದರೆ ಅವನು ಮರುದಿನದ ಸಭೆಯಲ್ಲಿ ಪತ್ರಿಕೆಯನ್ನೇ ಎತ್ತಿ ಹಿಡಿದು, “ಓದಿದವರು ನಿಮ್ಮನ್ನು ಹೇಗೆ ಕಾಣುತ್ತಾರೆ, ನೋಡಿ” ಎನ್ನುತ್ತಾನೆ, ಮತ್ತು ಆ ಒಂದು ಮಾತು ಸುಳ್ಳಾಗಿರುವುದಿಲ್ಲ.