ಪ್ಯಾಲಡಿನ್ ಸುಳ್ಳು ಹೇಳಿದರೆ ಅವನ ಶಕ್ತಿಗಳು ಹೋಗುತ್ತವೆಯೇ?

ನಿರಪರಾಧಿ ಕೈದಿಯನ್ನು ಬಿಡಿಸಲು ಪಾತ್ರ ವಹಿಸಿ ದಾಳ ಉರುಳಿಸುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ನಿಮ್ಮ ಆಟಗಾರನ ಪ್ಯಾಲಡಿನ್ (ಪ್ರತಿಜ್ಞೆಗೆ ಬದ್ಧನಾದ, ದೈವಿಕ ಶಕ್ತಿಗಳುಳ್ಳ ಯೋಧ) ಕಾವಲುಗಾರನಿಗೆ ಸುಳ್ಳು ಹೇಳಿದ್ದಾನೆ, ಅಷ್ಟೇ ತಾನೇ? ಶಕ್ತಿಗಳನ್ನು ಕಸಿದುಕೊಳ್ಳಬೇಡಿ. ಈ ವಿಷಯದಲ್ಲಿ ಬಲು ಕಠಿಣವಾದ ಆಟದ 3.5 ಆವೃತ್ತಿಯಲ್ಲೂ (2003) ಅವು ಹೋಗುವುದು ಬೇಕೆಂದೇ ದುಷ್ಕೃತ್ಯ ಎಸಗಿದಾಗ, ಪ್ಯಾಲಡಿನ್‌ಗಳ ನಡತೆಯ ಸಂಹಿತೆಯನ್ನು ಘೋರವಾಗಿ ಮುರಿದಾಗ ಅಥವಾ ‘ಲಾಫುಲ್ ಗುಡ್’ (ನಿಯಮನಿಷ್ಠ ಸಜ್ಜನ) ನಿಲುವನ್ನೇ ತೊರೆದಾಗ. ಸುಳ್ಳು ಸಂಹಿತೆಗೆ ವಿರುದ್ಧವೇನೋ ಹೌದು; ಆದರೆ ಇದನ್ನು ಘೋರವೆನ್ನಲು ನನಗೆ ಮನಸ್ಸಿಲ್ಲ. ಪತಿತನಾದರೂ ಕತ್ತಿ, ಕವಚಗಳ ಪರಿಣತಿ ಉಳಿಯುತ್ತದೆ. ‘ಅಟೋನ್‌ಮೆಂಟ್’ ಮಂತ್ರದಿಂದ ಪ್ರಾಯಶ್ಚಿತ್ತಕ್ಕೂ ದಾರಿಯಿದೆ.

2014ರ 5ನೇ ಆವೃತ್ತಿಯಲ್ಲಿ ಶಕ್ತಿ ತಾನಾಗಿ ಹೋಗುವುದಿಲ್ಲ. ಪಶ್ಚಾತ್ತಾಪವಿಲ್ಲದೆ ಪ್ರತಿಜ್ಞೆ ಮುರಿದವನ ಗತಿ ಡಂಜನ್ ಮಾಸ್ಟರ್‌ಗೆ, ಅಂದರೆ ಆಟ ನಡೆಸುವವರಿಗೆ, ಬಿಟ್ಟದ್ದು.

ನಾನಂತೂ ದಾಳ ಉರುಳುವ ಮುನ್ನವೇ “ನಿನ್ನ ಪ್ರತಿಜ್ಞೆ ಇದನ್ನು ಒಪ್ಪುವುದಿಲ್ಲ, ಆದರೂ ಮಾಡುತ್ತೀಯಾ?” ಎಂದು ಕೇಳುತ್ತೇನೆ. ಅರ್ಧದಷ್ಟು ಜಗಳ ಅಲ್ಲೇ ತಣ್ಣಗಾಗುತ್ತದೆ.