‘ಸಣ್ಣದಾದಷ್ಟೂ ಗಟ್ಟಿ’ ಎಂಬ ಸಾಲು ನಿಲ್ಲುವುದಿಲ್ಲ

ಪ್ರಿಯ ಲೇಖಕರೇ,

ನ್ಯಾನೋತಂತಿ (ಕೂದಲಿಗಿಂತ ನೂರಾರು ಪಟ್ಟು ತೆಳುವಾದ ತಂತಿ) ಸಾಧನಗಳ ಬಗೆಗಿನ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಬಿಟ್ಟುಕೊಡುವಂಥದ್ದಲ್ಲ, ತಿದ್ದಿ ಕಳುಹಿಸಿ. ‘ತಂತಿ ಸಣ್ಣದಾದಷ್ಟೂ ಮೇಲ್ಮೈ ಅದನ್ನು ಗಟ್ಟಿ ಮಾಡುತ್ತದೆ’ ಎಂಬ ಒಂದೇ ಸಾಲಿನ ಮೇಲೆ ನಿಮ್ಮ ವಾದವೆಲ್ಲ ನಿಂತಿದೆ. ಅದು ಅರ್ಧ ಮಾತ್ರ ನಿಜ.

ಮೇಲ್ಮೈಯ ಪರಿಣಾಮ ಬರೀ ‘ಗಣನೀಯ’ ಎಂದರೆ ಓದುಗರಿಗೆ ಏನೂ ಸಿಗುವುದಿಲ್ಲ, ಲೆಕ್ಕ ಕೊಡಿ. ಎರಡೂ ತುದಿ ಬಿಗಿದ, 2 ಮೈಕ್ರೋಮೀಟರ್ ಉದ್ದದ ಬೆಳ್ಳಿ ತಂತಿ ತೆಗೆದುಕೊಳ್ಳೋಣ. ವ್ಯಾಸ 100 ನ್ಯಾನೋಮೀಟರ್ ಇದ್ದರೆ ಆಯ್ಲರ್ ಸೂತ್ರದಂತೆ ಅದು ಬಾಗಿ ಕುಸಿಯಲು ಸುಮಾರು 3.7 ಮೈಕ್ರೋನ್ಯೂಟನ್ ಒತ್ತುಬಲ ಬೇಕು. ಮೇಲ್ಮೈ ಬಿಗಿತ (ಮೇಲ್ಮೈ ಪದರ ತಂತಿಯನ್ನು ಸೆಳೆದು ಹಿಡಿಯುವ ಬಲ) ಮೀಟರಿಗೆ 0.9 ನ್ಯೂಟನ್ ಎಂದುಕೊಂಡರೆ ಅದು ಸೇರಿಸುವುದು 0.18 ಮಾತ್ರ, ಅಂದರೆ ಶೇ 5ರೊಳಗೆ. ವ್ಯಾಸ 50ಕ್ಕೆ ಇಳಿಸಿ: ಆಯ್ಲರ್ ಮಿತಿ 0.23ಕ್ಕೆ ಕುಸಿಯುತ್ತದೆ, ಮೇಲ್ಮೈಯ ಪಾಲು 0.09. ಈಗ ಸುಮಾರು ಶೇ 40! ಬಾಗುವಿಕೆಗೆ ಒಡ್ಡುವ ತಡೆ ವ್ಯಾಸದ ನಾಲ್ಕನೇ ಘಾತದಲ್ಲಿ ಇಳಿಯುತ್ತದೆ, ಮೇಲ್ಮೈ ಸೆಳೆತ ಮೊದಲ ಘಾತದಲ್ಲಷ್ಟೇ. ನಿಮ್ಮ ಲೇಖನದ ಜೀವ ಇಲ್ಲಿರಬೇಕಿತ್ತು.

ಇದೇ ಫಲಿತಾಂಶವನ್ನು ಒಂದು ತುದಿ ಬಿಡುವಾಗಿರುವ ಕ್ಯಾಂಟಿಲಿವರಿಗೆ ನೀವು ಹಾಗೇ ದಾಟಿಸಿದ್ದೀರಿ. ಅದು ತಪ್ಪು. ಬಿಡುವಾದ ತುದಿ ಕುಗ್ಗಿಕೊಳ್ಳುತ್ತದೆ, ಮೇಲ್ಮೈಯ ಎಳೆತವನ್ನು ಒಳಭಾಗದ ಒತ್ತಡ ಸರಿದೂಗಿಸುತ್ತದೆ. ಹಾಗಾಗಿ ತಂತಿಯನ್ನು ಬಿಗಿಯಾಗಿ ಹಿಡಿಯುವ ನಿವ್ವಳ ಸೆಳೆತವೇ ಅಲ್ಲಿ ಉಳಿಯುವುದಿಲ್ಲ. ಯಾವ ಚಿತ್ರ ಬಳಸಿದರೂ ತುದಿಗಳ ಸ್ಥಿತಿಯನ್ನು ಅಡಿಬರಹದಲ್ಲಿ ಹೇಳಿ.

ಸತುವಿನ ಆಕ್ಸೈಡ್ ತಂತಿಗಳು 120 ನ್ಯಾನೋಮೀಟರಿಗಿಂತ ಸಣ್ಣದಾದಾಗ ಬಿಗಿಯಾಗುವುದನ್ನು 2006ರಲ್ಲಿ ಅಳೆದು ತೋರಿಸಿದ್ದು ಸರಿ. ಅದನ್ನು ಸಿಲಿಕಾನಿಗೆ ಅಂಟಿಸಬೇಡಿ. ಸಿಲಿಕಾನಿನ ಮೇಲೆ ಗಾಳಿಯಲ್ಲೇ 1–2 ನ್ಯಾನೋಮೀಟರ್ ಆಕ್ಸೈಡ್ ಬೆಳೆಯುತ್ತದೆ. ಆ ಹೊದಿಕೆಯ ಯಂಗ್ ಗುಣಾಂಕ (ವಸ್ತು ಎಷ್ಟು ಬಿಗಿ ಎಂಬುದರ ಅಳತೆ) ಸುಮಾರು 70 ಗಿಗಾಪಾಸ್ಕಲ್, ಸಿಲಿಕಾನಿನದು ಹರಳಿನ ದಿಕ್ಕಿಗೆ ತಕ್ಕಂತೆ 130ರಿಂದ 188. ಬಾಗುವಾಗ ಹೆಚ್ಚು ಹೊರೆ ಹೊರುವುದು ಹೊರಪದರವೇ ಆದ್ದರಿಂದ ಸಣ್ಣ ತಂತಿ ಇಲ್ಲಿ ಮೆದುವಾಗುತ್ತದೆ.

ಸಾಧನ ಕೆಡುವ ಬಗೆಯನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ವೋಲ್ಟೇಜ್ ಕೊಟ್ಟು ತಂತಿಯನ್ನು ಎದುರಿನ ಎಲೆಕ್ಟ್ರೋಡಿನ ಕಡೆಗೆ ಸೆಳೆಯುವ ಸ್ವಿಚ್ಚಿನಲ್ಲಿ ವೋಲ್ಟೇಜ್ ಏರಿಸುತ್ತ ಹೋದರೆ, ಸರಳ ಸಮಾಂತರ ಫಲಕದ ಮಾದರಿಯಲ್ಲಿ, ಅವೆರಡರ ನಡುವಿನ ಅಂತರದ ಮೂರನೇ ಒಂದು ಭಾಗ ದಾಟಿದ ಕೂಡಲೇ ತಂತಿ ಎಲೆಕ್ಟ್ರೋಡಿಗೆ ಬಡಿದು ಅಂಟುತ್ತದೆ. ಅದಕ್ಕೂ ಮುಂಚೆಯೇ, ಸಾಧನ ತಯಾರಿಸುವಾಗ ತಂತಿಯನ್ನು ಬಿಡಿಸಲು ಅದರ ಕೆಳಗಿನ ಪದರ ಕರಗಿಸಿ ತೊಳೆದು ಒಣಗಿಸುವಾಗ, ಆರುತ್ತಿರುವ ನೀರೇ ತಂತಿಯನ್ನು ತಳಕ್ಕೆ ಎಳೆದು ಅಂಟಿಸಬಹುದು. ಅದಕ್ಕಾಗಿಯೇ ನೀರಿನ ಜಾಗಕ್ಕೆ ಆಲ್ಕೋಹಾಲ್, ಆಮೇಲೆ ದ್ರವ ಕಾರ್ಬನ್ ಡೈಆಕ್ಸೈಡ್ ತುಂಬಿ, 31 ಡಿಗ್ರಿ ಸೆಲ್ಸಿಯಸ್ ಮತ್ತು 73 ವಾಯುಭಾರ ದಾಟಿಸಿ ಒಣಗಿಸುತ್ತಾರೆ; ಅಲ್ಲಿ ದ್ರವ–ಅನಿಲದ ಗಡಿಯೇ ಇಲ್ಲದ್ದರಿಂದ ತಂತಿಯನ್ನು ಎಳೆಯುವ ಮೇಲ್ಮೈ ಇರುವುದಿಲ್ಲ. ಈ ಹಂತಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ಜಾಗ ಬೇಕಾದರೆ ಪೀಠಿಕೆಯ ಮೊದಲ ಎರಡು ಪ್ಯಾರಾ ತೆಗೆಯಿರಿ.

— ಸಂಪಾದಕರು